ಫ್ರಾನ್ಸಿನಿಂದ ತರಿಸಿದ ಹೆಸರು

ಕತಾರಿನಲ್ಲಿದ್ದ ಅಷ್ಟೂ ವರ್ಷ ನಮ್ಮ ಕರಾವಳಿಯ ಕ್ರೈಸ್ತರ ಮಕ್ಕಳ ಹೆಸರು ಕೇಳಿ ನಾನು ಒಳಗೊಳಗೇ ನಕ್ಕಿದ್ದೇನೆ. ಅಪ್ಪನ ಹೆಸರಿನ ತಲೆ ಕತ್ತರಿಸಿ, ಅಮ್ಮನ ಹೆಸರಿನ ಬಾಲಕ್ಕೆ ಅಂಟಿಸಿ ಹೊಸ ಹೆಸರು ತಯಾರಿಸುವುದು ನಮ್ಮವರಲ್ಲಿ ಆಗ ದೊಡ್ಡ ಗೃಹ ಕೈಗಾರಿಕೆಯಾಗಿತ್ತು. ಆ ಹೆಸರುಗಳಿಗೆ ಅರ್ಥವೂ ಇಲ್ಲ, ಕಾಯುವ ಸಂತರೂ ಇಲ್ಲ. ಕೆಲವನ್ನು ಔಷಧಿ ಅಂಗಡಿಯ ಕಪಾಟಿನಲ್ಲಿ ಇಟ್ಟಿದ್ದರೆ ಕೆಮ್ಮಿಗೆ ದಿನಕ್ಕೆ ಮೂರು ಸಲ ಎಂದು ಯಾರಾದರೂ ಕೊಂಡುಹೋಗುತ್ತಿದ್ದರು. ಅಲ್ ಖೋರಿನಿಂದ ರಾಸ್ ಲಫ್ಫಾನಿಗೆ ಹೋಗುವ ಕಂಪೆನಿ ಬಸ್ಸಿನಲ್ಲಿ ಊರಿನವರೊಬ್ಬರು ಹೊಸ ಮಗುವಿನ ಹೆಸರು ಹೇಳಿದಾಗ ನಾನು ಕಿಟಕಿಯ ಕಡೆ ತಿರುಗಿ ಕೂತುಬಿಡುತ್ತಿದ್ದೆ. ಎದುರಿಗೆ ನಗುವ ಧೈರ್ಯ ಇರಲಿಲ್ಲ, ಮರೆಯಲ್ಲಿ ನಗುವುದರಲ್ಲಿ ಮಾತ್ರ ನನ್ನನ್ನು ಮೀರಿಸಿದವರಿಲ್ಲ.

ಹೀಗೆ ನಗುತ್ತಿದ್ದವನ ಹೆಂಡತಿ ಗರ್ಭಿಣಿಯಾದಳು. ಏಷ್ಯನ್ ಗೇಮ್ಸ್ ಬರಲು ಇನ್ನೂ ಕೆಲವು ವರ್ಷ ಇತ್ತು. ದೋಹಾದ ರಸ್ತೆಗಳನ್ನೆಲ್ಲ ಅಗೆದು ಗುಡ್ಡೆ ಹಾಕಿದ್ದರು, ನಮ್ಮವರ ಪೂಜೆ ಇನ್ನೂ ಬಾಡಿಗೆಯ ಜಾಗದಲ್ಲಿ ಶುಕ್ರವಾರ ಶುಕ್ರವಾರ ನಡೆಯುತ್ತಿತ್ತು. ಹೆಣ್ಣು ಮಗು ಎಂದು ಸ್ಕ್ಯಾನಿಂಗ್ ಮಾಡಿದ ಫಿಲಿಪ್ಪೀನಿ ನರ್ಸ್ ಬಾಯಿ ಬಿಟ್ಟಳು. ಅಂದಿನಿಂದ ನಾನು ಹೆಸರು ಹುಡುಕಲು ಹೊರಟೆ.

ಹುಡುಕುವ ಅಗತ್ಯವೇ ಇರಲಿಲ್ಲ ಎಂಬುದನ್ನು ಮೊದಲೇ ಹೇಳಬೇಕು. ನಮ್ಮಲ್ಲಿ ಮೊದಲ ಮಗು ಗಂಡಾದರೆ ಅಪ್ಪನ ಅಪ್ಪನ ಹೆಸರು, ಹೆಣ್ಣಾದರೆ ಅಪ್ಪನ ಅಮ್ಮನ ಹೆಸರು. ಜ್ಞಾನಸ್ನಾನದ ದಿನ ಆ ಅಜ್ಜಿಯೇ ಜ್ಞಾನತಾಯಿಯಾಗಿ ಮಗುವನ್ನು ಎತ್ತಿಕೊಂಡು, ಪಾದ್ರಿ ಕೇಳಿದಾಗ ತನ್ನ ಹೆಸರನ್ನು ತಾನೇ ಹೇಳುತ್ತಾಳೆ. ಎರಡನೆಯ ಮಗುವಿಗೆ ತಾಯಿಯ ಮನೆಯ ಹೆಸರು. ಇದರಲ್ಲಿ ವಾದಕ್ಕೆ ಜಾಗವಿಲ್ಲ, ನೂರಾರು ವರ್ಷಗಳಿಂದ ನಡೆದು ಬಂದದ್ದು. ನನ್ನ ಅಮ್ಮನ ಹೆಸರು ಮೇರಿ. ಅವಳಿಗೆ ಅದು ಅವಳ ಅಪ್ಪನ ಅಮ್ಮನಿಂದ ಬಂದದ್ದು. ನಾನು ಅವಳ ಒಬ್ಬನೇ ಮಗ. ಆ ಹೆಸರು ಮುಂದೆ ಹೋಗುವುದಿದ್ದರೆ ನನ್ನ ಮನೆಯ ಬಾಗಿಲಿನಿಂದಲೇ ಹೋಗಬೇಕಿತ್ತು. ಇದು ಅಮ್ಮನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆದರೆ ನನಗೆ ಮೇರಿ ಬೇಡವಾಗಿತ್ತು. ನಮ್ಮ ಇಗರ್ಜಿಯಲ್ಲಿ ಮೇರಿ ಎಂದು ಕರೆದರೆ ಹೆಂಗಸರ ಬದಿಯ ಅರ್ಧ ಬೆಂಚು ತಿರುಗಿ ನೋಡುತ್ತದೆ. ನನ್ನ ಹೆಂಡತಿಗೂ ಅವಳ ಅಜ್ಜಿಯ ಹಳೇ ಕಾಲದ ಹೆಸರೇ ಬಿದ್ದಿತ್ತು. ಶಾಲೆಯಲ್ಲಿ ಅದಕ್ಕಾಗಿ ಆದ ಗೇಲಿಯನ್ನು ಅವಳು ಮರೆತಿರಲಿಲ್ಲ.

"ನಾನು ಪಟ್ಟದ್ದು ಸಾಕು, ಮಗುವಿಗೆ ಬೇಡ" ಎಂದಳು. ಅಷ್ಟು ಸಾಕಾಯಿತು ನನಗೆ. ಆಧುನಿಕ ಗಂಡನ ಪಾತ್ರವನ್ನು ಕೂಡಲೇ ವಹಿಸಿಕೊಂಡೆ.

ನಮ್ಮ ಆಫೀಸಿನಲ್ಲಿ ಒಬ್ಬ ಫ್ರೆಂಚ್ ಮ್ಯಾನೇಜರ್ ಇದ್ದ. ಅವನ ಮೇಜಿನ ಮೇಲೆ ಮುಂದಿನ ಹಲ್ಲು ಬಿದ್ದ ಒಂದು ಹುಡುಗಿಯ ಫೋಟೋ. ಫೈಲಿಗೆ ಸಹಿ ಹಾಕಿಸಲು ಹೋದಾಗ ಒಮ್ಮೆ ಹೆಸರೇನು ಎಂದು ಕೇಳಿದೆ. "ಮನೋನ್" ಎಂದ, ಅರ್ಧ ಮೂಗಿನಿಂದ. ಆ ಹೆಸರು ನನ್ನ ಕಿವಿಗೆ ಬಿದ್ದದ್ದೇ ತಡ, ನನಗೆ ಅದು ಬೇಕಾಯಿತು. ಅದರ ಕುರಿತು ವಿಚಾರಿಸಲಿಲ್ಲ, ಅರ್ಥ ಕೇಳಲಿಲ್ಲ. ಮಾರ್ಕೆಟ್ಟಿನಲ್ಲಿ ಬಂಗುಡೆ ಕೊಳ್ಳುವಾಗಲೂ ಕಿವಿರು ಎತ್ತಿ ನೋಡದೆ ಬಿಡದವನು, ಮಗಳ ಹೆಸರನ್ನು ಹಾಗೆಯೇ ಚೀಲಕ್ಕೆ ಹಾಕಿಕೊಂಡು ಬಂದೆ. ಆಫೀಸಿನ ಕಂಪ್ಯೂಟರಿನಲ್ಲಿ ಮಕ್ಕಳ ಹೆಸರಿನ ಒಂದು ಪುಟ ತೆರೆದು ನೋಡಿದ್ದುಂಟು. ಫ್ರೆಂಚ್, ಹೆಣ್ಣು, ಬಹಳ ಜನಪ್ರಿಯ ಎಂಬಲ್ಲಿಗೆ ಓದಿ ಮುಚ್ಚಿದೆ. ಕೆಳಗೆ ಇನ್ನೂ ಎರಡು ಸಾಲು ಇತ್ತು.

ಅಮ್ಮ ಹೆರಿಗೆಗೆ ಒಂದು ತಿಂಗಳು ಮೊದಲು ವಿಸಿಟ್ ವೀಸಾದಲ್ಲಿ ಬಂದಳು. ಶಂಕರಪುರದ ಕಡೆ ಮಲ್ಲಿಗೆ ಬೆಳೆಯುವ ಮನೆ ನಮ್ಮದು. ಬೆಳಗಾಗುವ ಮೊದಲೇ ಎದ್ದು ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ ಕಟ್ಟಿ ಅವಳ ಬೆರಳ ತುದಿ ಸವೆದು ಹೋಗಿದೆ. ಆ ಮಲ್ಲಿಗೆಯಲ್ಲೇ ನಾನು ಓದಿ, ಕಾಲೇಜು ಮುಗಿಸಿ, ಕತಾರಿಗೆ ಬಂದು, ಕುತ್ತಿಗೆಗೆ ಕಂಪೆನಿಯ ಬ್ಯಾಡ್ಜು ನೇತುಹಾಕಿಕೊಂಡದ್ದು. ಅಮ್ಮನ ಪೆಟ್ಟಿಗೆಯಲ್ಲಿ ಕುಚ್ಚಲಕ್ಕಿ, ಹಪ್ಪಳ, ಬಾಣಂತಿ ಮದ್ದಿನ ಕಟ್ಟುಗಳ ಅಡಿಯಲ್ಲಿ ಒಂದು ಬಿಳಿ ಫ್ರಾಕು, ಒಂದು ಬಿಳಿ ಟೊಪ್ಪಿ ಇದ್ದವು. ಜ್ಞಾನಸ್ನಾನಕ್ಕೆ ಅವಳೇ ಹೊಲಿದದ್ದು. ಟೊಪ್ಪಿಯ ಅಂಚಿನಲ್ಲಿ ಬಿಳಿ ದಾರದಲ್ಲೇ ಇಂಗ್ಲಿಷಿನ ಎಂ ಅಕ್ಷರವನ್ನು ಕಸೂತಿ ಮಾಡಿದ್ದಳು. ನನ್ನ ಹೆಂಡತಿ ಅದನ್ನು ನೋಡಿ ನನ್ನ ಮುಖ ನೋಡಿದಳು. ನಾನು ಟೊಪ್ಪಿ ಚೆನ್ನಾಗಿದೆ ಎಂದೆ.

ಎರಡು ದಿನ ಕಳೆದು ಅಡುಗೆಮನೆಯಲ್ಲಿ ಈ ವಿಷಯವೇ ಬಂತು. ಅಮ್ಮ ಹಾಲ್‌ನಲ್ಲಿ ಜಪಮಾಲೆ ಹಿಡಿದು ಕೂತಿದ್ದಳು. ಒಳಗೆ ಎಕ್ಸಾಸ್ಟ್ ಫ್ಯಾನು ಗರಗರ ಎನ್ನುತ್ತಿತ್ತು.

ನಮ್ಮ ಮನೆಯ ಮಾತು ಕೊಂಕಣಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ; ಅತ್ತೆಯನ್ನು ಕರೆಯುವ ಮಾಂಯ್ ಎಂಬುದನ್ನು ಮಾತ್ರ ಹಾಗೆಯೇ ಬಿಟ್ಟಿದ್ದೇನೆ.

"ಮಾಂಯ್‌ಗೆ ಹೇಗೆ ಹೇಳುದು?" ಎಂದು ಹೆಂಡತಿ ಕೇಳಿದಳು. "ಬೇಕಾದ್ರೆ ಮೇರಿ ಅಂತಲೇ ಇಡುವ. ಮನೆಯಲ್ಲಿ ಬೇರೆ ಕರೆದ್ರಾಯ್ತು."

"ಮಂಡೆ ಸಮ ಉಂಟಾ ನಿಂಗೆ?" ಎಂದೆ ನಾನು. "ಇಲ್ಲಿಯ ವಿಲ್ಲಾಗಳಲ್ಲಿ ನೋಡು, ನೆಲ ಒರೆಸುವವರೆಲ್ಲ ಮೇರಿಗಳೇ. ಮೇರಿ ಅಂದ್ರೆ ಮನೆಗೆಲಸದವರ ಹೆಸರು. ನನ್ನ ಮಗಳಿಗೆ ಅದು ಬೇಡ."

ಈ ವಾಕ್ಯವನ್ನು ಹೇಳಿದವನ ಬಗ್ಗೆ ನನಗೆ ಇವತ್ತಿಗೂ ಅಸಹ್ಯವಿದೆ. ನೆಲ ಒರೆಸುವವರ ಬಗ್ಗೆ ಮಾತಾಡಿದ ಆ ಮಹಾನುಭಾವ ಆಫೀಸಿನಲ್ಲಿ ಇಡೀ ದಿನ ಮಾಡುತ್ತಿದ್ದದ್ದು ಬೇರೆಯವರ ಕಾಗದಗಳಿಗೆ ನಂಬರು ಹೊಡೆದು ಫೈಲಿಗೆ ಸೇರಿಸುವ ಕೆಲಸ.

ಮಗು ಹುಟ್ಟಿತು. ಎರಡನೇ ದಿನ ಆಸ್ಪತ್ರೆಯಲ್ಲಿ ಅಮ್ಮನಿಗೆ ಹೆಸರು ಹೇಳಿದೆ. ಅವಳು ಮಗುವನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. "ಎಂತ?" ಎಂದು ಕೇಳಿದಳು, ಇನ್ನೊಮ್ಮೆ ಹೇಳಿದೆ. ಫ್ರೆಂಚ್ ಹೆಸರು, ನಮ್ಮ ಪೈಕಿ ಯಾರಿಗೂ ಇಲ್ಲ, ಈಗಿನ ಕಾಲಕ್ಕೆ ಸರಿ ಹೊಂದುತ್ತದೆ, ಪಾಸ್‌ಪೋರ್ಟಿನಲ್ಲಿ ಚಿಕ್ಕದಾಗಿ ಚೊಕ್ಕದಾಗಿ ಕೂರುತ್ತದೆ ಎಂದೆಲ್ಲ ನಾನು ಹೇಳುತ್ತಾ ಹೋದೆ. ಅವಳು ಜಗಳ ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಜಗಳಕ್ಕೆ ಬೇಕಾದ ಮಾತುಗಳನ್ನೆಲ್ಲ ನಾನು ಬಸ್ಸಿನಲ್ಲಿ ಕೂತು ತಯಾರಿ ಮಾಡಿದ್ದೆ.

"ಟೊಪ್ಪಿಯ ಅಕ್ಷರ ಬಿಚ್ಚುದು ಬೇಡ ಅಲ್ವಾ, ಅದೇ ಅಕ್ಷರ ಅಲ್ವಾ?" ಎಂದು ಮಾತ್ರ ಕೇಳಿದಳು.

"ಅದೇ ಅಕ್ಷರ" ಎಂದೆ.

"ಅಷ್ಟಾದ್ರೂ ಆಯ್ತು."

ನೋಡಲು ಬಂದವರೆಲ್ಲ ಹೆಸರಿನ ಅರ್ಥ ಕೇಳತೊಡಗಿದರು. ದೋಹಾದ ನಜ್ಮಾದಲ್ಲಿ ಟೈಲರ್ ಅಂಗಡಿ ಇಟ್ಟಿದ್ದ ಊರಿನ ಬ್ಯಾರಿ ಕಾಕ, ಅಮ್ಮನಿಗೆ ಒಳ್ಳೆಯ ಪರಿಚಯದವರು, ಮಗುವಿಗೆ ಪುಟ್ಟ ಅಂಗಿ ಹೊಲಿದು ತಂದಿದ್ದರು. "ಎಂತ ಅರ್ಥ ಮಾರಾಯ ಅದಕ್ಕೆ?" ಎಂದು ಅವರು ಕೇಳಿದಾಗ, ಗೊತ್ತಿಲ್ಲ ಎನ್ನಲು ನನ್ನ ಜಂಬ ಬಿಡಲಿಲ್ಲ. "ಮುತ್ತು" ಎಂದೆ. ಕತಾರಿನಲ್ಲಿ ಹಿಂದೆ ಮುತ್ತಿಗಾಗಿ ಮುಳುಗುತ್ತಿದ್ದರಲ್ಲ, ಸುಳ್ಳಿಗೆ ಅದು ಸಮೀಪದಲ್ಲಿ ಸಿಕ್ಕಿತು. ಕಾಕ ತಲೆಯಾಡಿಸಿ ಮಾಶಾ ಅಲ್ಲಾ ಎಂದರು. ಆಮೇಲೆ ಬಂದವರಿಗೆಲ್ಲ ಮುತ್ತು ಮುತ್ತು ಎಂದು ಹಂಚಿದೆ. ಅಮ್ಮನೂ ಊರಿಗೆ ಫೋನ್ ಮಾಡಿ ತನ್ನ ತಂಗಿಗೆ ಅದನ್ನೇ ಹೇಳಿದಳು.

ಮಗುವಿನ ಪಾಸ್‌ಪೋರ್ಟ್ ಬಂದ ಮೇಲೆ ವೀಸಾದ ಅರ್ಜಿಯನ್ನು ಅರಬಿಯಲ್ಲಿ ಟೈಪ್ ಮಾಡಿಸಬೇಕಿತ್ತು. ಅದಕ್ಕೆಂದೇ ಇರುವ ಟೈಪಿಂಗ್ ಅಂಗಡಿಯೊಂದಕ್ಕೆ ಹೋದೆ. ಅಲ್ಲಿ ಕೂತಿದ್ದವರು ಒಬ್ಬ ಲೆಬನಾನಿನ ಮುದುಕರು, ಸನ್ಯಾಸಿನಿಯರ ಶಾಲೆಯಲ್ಲಿ ಫ್ರೆಂಚ್ ಕಲಿತವರಂತೆ. ಪಾಸ್‌ಪೋರ್ಟ್ ತೆರೆದು ಕನ್ನಡಕ ಹಣೆಗೆ ಏರಿಸಿ ನಕ್ಕರು.

"ಮನೋನ್! ಇಂಡಿಯಾದವರಿಗೆ ಇದು ಹೇಗೆ ಸಿಕ್ಕಿತು? ಇದು ನಮ್ಮ ಮರಿಯಮ್ ಅಲ್ಲವಾ ಹಬೀಬಿ?" ಎಂದರು ಇಂಗ್ಲಿಷಿನಲ್ಲಿ.

ನನಗೆ ಅರ್ಥವಾಗಲಿಲ್ಲ. ಅವರು ಟೈಪ್ ಮಾಡುತ್ತಲೇ ಬಿಡಿಸಿ ಹೇಳಿದರು. ಮರಿಯಮ್ ಫ್ರೆಂಚರಲ್ಲಿ ಮರೀ ಆಯಿತು. ಮನೆಯಲ್ಲಿ ಮರೀ ಎಂಬ ಹುಡುಗಿಯನ್ನು ಮುದ್ದಿನಿಂದ ಕರೆಯುವಾಗ ಮನೋನ್. ಹಿಂದೆ ಅದು ಬರೀ ಮುದ್ದಿನ ಹೆಸರಾಗಿತ್ತು, ಈಗ ಅದನ್ನೇ ದಾಖಲೆಯಲ್ಲೂ ಇಡುತ್ತಾರೆ, ಅಷ್ಟೇ. "ಈ ಬೀದಿಯಲ್ಲಿ ನಿಂತು ಮರಿಯಮ್ ಅಂತ ಕರೆದು ನೋಡು, ಹತ್ತು ಮಂದಿ ಬರುತ್ತಾರೆ" ಎಂದು ಇನ್ನೊಮ್ಮೆ ನಕ್ಕು, "ಯಲ್ಲಾ, ಖಲಾಸ್" ಎಂದು ಕಾಗದ ಕೊಟ್ಟರು.

ಲೆಬನಾನಿನವನಿಗೆ ಫ್ರೆಂಚ್ ಎಷ್ಟು ಗೊತ್ತಿದ್ದೀತು ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ. ಮಾರನೇ ದಿನ ಫ್ರೆಂಚ್ ಮ್ಯಾನೇಜರನ ಮೇಜಿನ ಮುಂದೆ ನಿಂತು ಕೇಳಿಯೇಬಿಟ್ಟೆ.

"ಹೌದು, ಮರೀಯೇ" ಎಂದ ಅವನು. "ನನ್ನ ತಾಯಿಯ ಹೆಸರು ಮರೀ. ಅವಳ ನೆನಪಿಗೆ ಮಗಳಿಗೆ ಇಟ್ಟೆವು. ನಿನ್ನ ತಾಯಿಯದೂ ಅದೇ ಹೆಸರಾ? ಅದಕ್ಕೇ ಇಟ್ಟೆಯಾ?"

ನಾನು ಹೌದು ಎಂದೆ. ಅವನು ಎದ್ದು ನಿಂತು ನನ್ನ ಕೈ ಕುಲುಕಿದ. ಹಂದಿ ಮಾಂಸವಿಲ್ಲದ ದೇಶವೆಂದು ದಿನಕ್ಕೆರಡು ಸಲ ಗೊಣಗುವ, ಇಗರ್ಜಿಯ ಮುಖ ನೋಡದ ಆ ಮನುಷ್ಯ ತನ್ನ ತಾಯಿಯ ಹೆಸರನ್ನು ಮಗಳಿಗೆ ಕೊಟ್ಟಿದ್ದ. ನೂರಾರು ವರ್ಷದ ಪದ್ಧತಿ ಬೆನ್ನಿಗಿದ್ದ ನಾನು ತಾಯಿಯ ಹೆಸರಿನಿಂದ ತಪ್ಪಿಸಿಕೊಳ್ಳಲು ಅವನ ಮೇಜಿನ ತನಕ ಓಡಿ ಬಂದಿದ್ದೆ.

ಕಂಪ್ಯೂಟರಿನ ಆ ಪುಟವನ್ನು ಮತ್ತೆ ತೆರೆದು ಉಳಿದ ಎರಡು ಸಾಲು ಓದಿದೆ. ಮನೋನ್, ಮರೀ ಎಂಬುದರ ಮುದ್ದಿನ ರೂಪ. ಮೂಲ ಹೀಬ್ರೂವಿನ ಮಿರಿಯಮ್. ಅರ್ಥದ ಬಗ್ಗೆ ಪಂಡಿತರಲ್ಲಿ ಒಮ್ಮತವಿಲ್ಲ: ಕಹಿ ಎನ್ನುವವರಿದ್ದಾರೆ, ಸಮುದ್ರಕ್ಕೆ ಸೇರಿಸುವವರಿದ್ದಾರೆ, ಪ್ರೀತಿಪಾತ್ರಳು ಎನ್ನುವವರೂ ಇದ್ದಾರೆ. ಮುತ್ತು ಎಂದವರು ಒಬ್ಬರೂ ಇರಲಿಲ್ಲ.

ಅಂದು ಸಂಜೆ ಮನೆಗೆ ಹೋಗಿ ಅಮ್ಮನಿಗೆ ಹೇಳಿಬಿಡಬೇಕಿತ್ತು. ಕಳೆದುಕೊಳ್ಳುವುದೇನೂ ಇರಲಿಲ್ಲ, ಹೆಸರು ಪಾಸ್‌ಪೋರ್ಟಿಗೆ ಏರಿಯಾಗಿತ್ತು. ಅವಳ ಮುಖ ಹೇಗೆ ಅರಳುತ್ತಿತ್ತು ಎಂಬುದೂ ನನಗೆ ಗೊತ್ತಿತ್ತು. ಅದೇ ನನಗೆ ಕಷ್ಟವಾದದ್ದು. ಅವಳು ಖುಷಿಪಡುತ್ತಾಳೆ, ಊರಿಗೆಲ್ಲ ಫೋನ್ ಮಾಡುತ್ತಾಳೆ, ಬಸ್ಸಿನವರಿಗೆ ಗೊತ್ತಾಗುತ್ತದೆ. ಇಷ್ಟು ದೊಡ್ಡ ಮನುಷ್ಯ ಕೊನೆಗೆ ಮಗಳಿಗೆ ಇಟ್ಟದ್ದು ಮೇರಿ ಎಂದು ಅವರು ಕಿಟಕಿಯ ಕಡೆ ತಿರುಗಿ ನಗುತ್ತಾರೆ. ಇಷ್ಟು ಸಣ್ಣ ಕಾರಣಕ್ಕೆ ನಾನು ಬಾಯಿ ಮುಚ್ಚಿಕೊಂಡೆ. ಹೆಂಡತಿಗೂ ಹೇಳಲಿಲ್ಲ.

ಜ್ಞಾನಸ್ನಾನಕ್ಕೆ ಹತ್ತು ದಿನ ಇತ್ತು. ಆ ಹತ್ತು ದಿನ ಅಮ್ಮ ಹೆಸರನ್ನು ಬಾಯಿಪಾಠ ಮಾಡಿದಳು. ಹೆಸರು ಅವಳದಲ್ಲದಿದ್ದರೂ ಜ್ಞಾನತಾಯಿ ಅವಳೇ ತಾನೇ. ಅಷ್ಟು ಜನರ ಮುಂದೆ ಪಾದ್ರಿ ಕೇಳಿದಾಗ ನಾಲಿಗೆ ತಡವರಿಸಿದರೆ ಮಗನ ಮಾನ ಹೋಗುತ್ತದೆ ಎಂಬ ಭಯ ಅವಳಿಗೆ. ನನ್ನ ಮಾನದ ಬಗ್ಗೆ ನನಗಿಂತ ಅವಳಿಗೇ ಚಿಂತೆ. ಕ್ಯಾಲೆಂಡರಿನ ಹಳೇ ಹಾಳೆಯ ಹಿಂದೆ ಹೆಸರನ್ನು ಕನ್ನಡದಲ್ಲಿ ಸಾಲು ಸಾಲಾಗಿ ಬರೆದಿಟ್ಟುಕೊಂಡಿದ್ದಳು. ಮಗುವಿಗೆ ಎಣ್ಣೆ ಹಚ್ಚುವಾಗ, ಬಟ್ಟೆ ಮಡಚುವಾಗ ಅದನ್ನು ನೋಡಿ ನೋಡಿ ಹೇಳುತ್ತಿದ್ದಳು.

"ಮುತ್ತು ಅಂತಲೇ ಅಲ್ವಾ ಅರ್ಥ?" ಎಂದು ಒಂದು ದಿನ ಕೇಳಿದಳು. "ಅರ್ಥ ಮನಸ್ಸಲ್ಲಿ ಇದ್ರೆ ಹೆಸರು ಮರೆಯುದಿಲ್ಲ."

ದೇವರು ಕೊಟ್ಟ ಅವಕಾಶ ಅದು. ನಾನು ಟಿವಿಯಿಂದ ಕಣ್ಣು ತೆಗೆಯದೆ, "ಹ್ಞಾ, ಮುತ್ತು" ಎಂದೆ.

ಜ್ಞಾನಸ್ನಾನಕ್ಕೆ ಮೊದಲು ಪಾದ್ರಿಯನ್ನು ಕಂಡು ಹೆಸರು ಬರೆಸಬೇಕು. ಅಲ್ ಖೋರಿನಿಂದ ದೋಹಾಕ್ಕೆ ಒಂದು ಗಂಟೆಯ ದಾರಿ, ಅಮ್ಮ ಹಿಂದಿನ ಸೀಟಿನಲ್ಲಿ ಮಗುವನ್ನು ಹಿಡಿದು ತುಟಿ ಅಲ್ಲಾಡಿಸುತ್ತಾ ಕೂತಿದ್ದಳು. ನಮ್ಮ ಅದೃಷ್ಟಕ್ಕೆ ಅಂದು ಇದ್ದವರು ನಮ್ಮ ಊರಿನ ಕಡೆಯ ಪಾದ್ರಿ. ಅವರು ಪುಸ್ತಕ ತೆರೆದು, ಜ್ಞಾನತಾಯಿಯ ಹೆಸರು ಬರೆದುಕೊಂಡು, ಮಗುವಿನ ಹೆಸರು ಕೇಳಿದರು. ಅಮ್ಮನೇ ಹೇಳಿದಳು, ತಪ್ಪಿಲ್ಲದೆ.

"ಈ ಹೆಸರಿನ ಸಂತರು ಯಾರು?" ಎಂದು ಪಾದ್ರಿ ನನ್ನನ್ನು ಕೇಳಿದರು. ನಾನು ಹೆಂಡತಿಯ ಮುಖ ನೋಡಿದೆ. ಅವರು ನಗುತ್ತಾ, "ಇರಲಿ, ಈಗ ಎಲ್ಲರೂ ಇಂಥದ್ದೇ ಇಡುದು. ಜೊತೆಗೊಂದು ಸಂತರ ಹೆಸರು ಸೇರಿಸುವ. ಮೇರಿ ಅಂತ ಬರೀಲಾ? ಅಜ್ಜಿಯ ಹೆಸರೂ ಆಯ್ತಲ್ಲ" ಎಂದರು. ಪೆನ್ನು ಕಾಗದಕ್ಕೆ ತಾಗಿಯೇ ಬಿಟ್ಟಿತ್ತು.

"ಬೇಡ ಫಾದರ್" ಎಂದಳು ಅಮ್ಮ.

ಪಾದ್ರಿ ತಲೆ ಎತ್ತಿದರು. "ಎಂತಕ್ಕೆ ಅಮ್ಮಾ?"

"ಇಲ್ಲಿ ಅದು ಮನೆಗೆಲಸದವರ ಹೆಸರಂತೆ. ಮಗು ದೊಡ್ಡದಾದ ಮೇಲೆ ಅದಕ್ಕೆ ನಾಚಿಕೆ ಆದೀತು. ಬೇರೆ ಯಾವುದಾದ್ರೂ ಬರೀರಿ."

"ಹಾಗೆ ಹೇಳಿದ್ದು ಯಾರು ನಿಮಗೆ?"

"ಯಾರೋ ಮಾತಾಡ್ತಾ ಇದ್ರು, ಕೇಳಿತು" ಎಂದಳು. ನನ್ನ ಕಡೆ ನೋಡಲಿಲ್ಲ. ಮಗುವಿನ ಟೊಪ್ಪಿಯ ದಾರ ಸರಿ ಮಾಡುತ್ತಿದ್ದಳು.

ಆ ಎಕ್ಸಾಸ್ಟ್ ಫ್ಯಾನಿನ ಗರಗರದಲ್ಲಿ ಎಲ್ಲವೂ ಅವಳಿಗೆ ಕೇಳಿಸಿತ್ತು. ಕೇಳಿಸಿದ ಮೇಲೂ ಎರಡು ತಿಂಗಳು ನನ್ನ ಮನೆಯಲ್ಲಿ ಗಂಜಿ ಬೇಯಿಸಿ, ಮಗುವನ್ನು ಮೀಯಿಸಿ, ನಾನು ಕೊಟ್ಟ ಫ್ರೆಂಚ್ ಹೆಸರನ್ನು ಕಾಗದ ನೋಡಿ ಕಲಿತಿದ್ದಳು. ನನಗೆ ಕೂತ ಕುರ್ಚಿಯಲ್ಲಿ ಕೂರಲಾಗಲಿಲ್ಲ.

"ಫಾದರ್, ಮನೋನ್ ಅಂದ್ರೆ ಮೇರಿಯೇ" ಎಂದೆ. "ಫ್ರೆಂಚರು ಮುದ್ದಿಗೆ ಹಾಗೆ ಕರೆಯುದು."

ಪಾದ್ರಿಗೆ ಬಹಳ ಸಂತೋಷವಾಯಿತು. "ಇದನ್ನು ಮೊದಲೇ ಹೇಳಬಾರದಾ ಮಾರಾಯ! ಮತ್ತೆ ಎಂತ ತೊಂದರೆ, ಮಾತೆ ಮರಿಯಮ್ಮನ ಹೆಸರೇ ಆಯ್ತಲ್ಲ" ಎಂದು ಬರೆದು ಮುಗಿಸಿ ಪುಸ್ತಕ ಮುಚ್ಚಿದರು. ನನ್ನ ಹೆಂಡತಿ ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದಳು.

ಅಮ್ಮ ಮಗುವನ್ನು ಇನ್ನೊಂದು ತೋಳಿಗೆ ಬದಲಾಯಿಸಿಕೊಂಡಳು. ಆಮೇಲೆ ಕೇಳಿದಳು. "ಇದು ನಿಂಗೆ ಯಾವಾಗ ಗೊತ್ತಾದ್ದು?"

"ಟೈಪ್ ಮಾಡಿಸ್ಲಿಕ್ಕೆ ಹೋದ ದಿನ."

"ಮುತ್ತಾ ಅಂತ ನಾನು ಕೇಳಿದ್ದು ಅದಾದ ಮೇಲೆ ಅಲ್ವಾ?"

"ಹೌದು."

ಅವಳು ಚೀಲದಿಂದ ಕ್ಯಾಲೆಂಡರಿನ ಹಾಳೆ ತೆಗೆದು, ನಾಲ್ಕು ಮಡಿಕೆ ಮಾಡಿ, ಪಾದ್ರಿಯ ಮೇಜಿನ ಪಕ್ಕದ ಕಸದ ಬುಟ್ಟಿಗೆ ಹಾಕಿದಳು. ಅದರ ಅಗತ್ಯ ಮುಗಿದಿತ್ತು, ಹೆಸರು ಅವಳಿಗೆ ಬಾಯಿಗೆ ಬಂದಿತ್ತು.

ಶುಕ್ರವಾರ ಜ್ಞಾನಸ್ನಾನ ಆಯಿತು. ಮಗುವಿಗೆ ಯಾವ ಹೆಸರು ಎಂದು ಪಾದ್ರಿ ಕೇಳಿದಾಗ ಅಮ್ಮ ಸ್ಪಷ್ಟವಾಗಿ ಹೇಳಿದಳು. ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು, ನಾಲಿಗೆ ತಡವರಿಸಲಿಲ್ಲ, ನನ್ನ ಮಾನ ಉಳಿಯಿತು. ವೀಸಾ ಮುಗಿದ ಮೇಲೆ ಅವಳು ಊರಿಗೆ ಹೋದಳು. ಏರ್‌ಪೋರ್ಟಿನಲ್ಲಿ ನಾನು ತಪ್ಪಾಯ್ತು ಎಂದು ಹೇಳಿದೆ. "ಹೆಸರು ಮನೆಯಲ್ಲೇ ಇತ್ತಲ್ಲ ಮಗಾ, ಅಷ್ಟು ದೂರದಿಂದ ತರಿಸಿದ್ದೆಂತಕ್ಕೆ?" ಎಂದು ಕೇಳಿದಳು. ಅಷ್ಟರಲ್ಲಿ ಸಾಲಿನಲ್ಲಿ ಅವಳ ಸರತಿ ಬಂತು.

ಆಮೇಲೆ ನಾವೆಲ್ಲ ಮಗಳನ್ನು ಮನು, ಮನ್ನಾ, ಪುಟ್ಟಿ ಎಂದು ಬಾಯಿಗೆ ಬಂದಂತೆ ಕರೆದೆವು. ಅಮ್ಮ ಮಾತ್ರ ಯಾವತ್ತೂ ಪೂರ್ತಿ ಹೆಸರನ್ನೇ ಕರೆಯುತ್ತಾಳೆ, ಬೇರೆಯವರ ಮನೆಯ ಮಗುವನ್ನು ಕರೆದ ಹಾಗೆ. ಅದು ತನ್ನದೇ ಹೆಸರೆಂದು ಊರಿನಲ್ಲಿ ಒಬ್ಬರಿಗೂ ಹೇಳಿಲ್ಲ. ಯಾರಾದರೂ ಕೇಳಿದರೆ, "ಫ್ರೆಂಚಂತೆ" ಎಂದು ಹೇಳಿ ಮೊಗ್ಗು ಕಟ್ಟುತ್ತಾಳೆ ಎಂದು ಚಿಕ್ಕಮ್ಮ ಒಮ್ಮೆ ಹೇಳಿದಳು.

ಮಗಳು ಒಂದನೇ ಕ್ಲಾಸಿಗೆ ಬಂದ ವರ್ಷ ಶಾಲೆಯಲ್ಲಿ ಒಂದು ಪ್ರಾಜೆಕ್ಟ್ ಕೊಟ್ಟರು: ನನ್ನ ಹೆಸರು, ಅದು ಎಲ್ಲಿಂದ ಬಂತು, ಅದರ ಅರ್ಥವೇನು. ಅಂದು ಶುಕ್ರವಾರ, ಅಮ್ಮನಿಗೆ ಫೋನ್ ಮಾಡುವ ದಿನ. ಸ್ಪೀಕರ್ ಹಾಕಿ ಫೋನನ್ನು ಚಾರ್ಟ್ ಪೇಪರಿನ ಪಕ್ಕ ಇಟ್ಟಿದ್ದೆವು. ಮಗಳು ಇಂಗ್ಲಿಷು ಬೆರೆಸಿದ ತನ್ನ ಕುಂಟು ಕೊಂಕಣಿಯಲ್ಲಿ ಅಜ್ಜಿಯನ್ನೇ ಕೇಳಿದಳು, ನನ್ನ ಹೆಸರಿನ ಮೀನಿಂಗ್ ಎಂತ ಎಂದು.

ನಾನು ಕೈಯಲ್ಲಿದ್ದ ಸ್ಕೆಚ್ ಪೆನ್ನಿನ ಮುಚ್ಚಳ ಹಾಕುತ್ತಾ ತೆಗೆಯುತ್ತಾ ಇದ್ದೆ.

"ನಿನ್ನ ಪಪ್ಪನನ್ನು ಕೇಳು ಮನೋನ್" ಎಂದಳು ಅಮ್ಮ. "ಅವನಿಗೆ ಗೊತ್ತುಂಟು. ಈ ಸಲ ಎಂತ ಹೇಳ್ತಾನೆ ಅಂತ ನಂಗೂ ಹೇಳು."